ಕಥೆಯ ಹಂದರ, ಕಥೆಯ ಮನುಷ್ಯ: ಗಡಿಭಾಗದ ತರಗತಿಯಲ್ಲಿ ಕಥೆ ಕಲಿಸುವ ಬಗೆ

(ಔರಾದ ಶಹಾಜನಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸಕ್ಕೆ ಕರೆಸಿಕೊಂಡವರು ದೊಡ್ಡ ಲೇಖಕರ ದೊಡ್ಡ ಕೃತಿಗಳನ್ನು ಎತ್ತಿಕೊಳ್ಳುವುದು ವಾಡಿಕೆ. ನಾನು ಇಂದು ಆರಿಸಿಕೊಂಡಿರುವುದು ಶಾಲೆಯ ವಿಷಯ. ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಕಥೆಯ ಹಂದರ ಎಂದರೇನು, ಪಾತ್ರ ಎಂದರೇನು ಎಂಬುದನ್ನು ಹೇಗೆ ಕಲಿಸಬೇಕು? ಇದು ಚಿಕ್ಕ ವಿಷಯವೆಂದು ನಾನು ತಿಳಿದಿಲ್ಲ. ಕಥೆ ಕಟ್ಟಲು ಕಲಿತ ಮಗು ತನ್ನ ಮನೆಯಲ್ಲಿ, ಊರಿನಲ್ಲಿ ನಡೆಯುವುದಕ್ಕೆ ಕಾರಣ ಹುಡುಕಲು ಕಲಿಯುತ್ತದೆ. ಎದುರಿಗಿರುವ ಮನುಷ್ಯ ಹೀಗೇಕೆ ಮಾಡಿದ ಎಂದು ಕೇಳಿಕೊಳ್ಳಲು ಕಲಿಯುತ್ತದೆ. ಭಾಷಾ ಶಿಕ್ಷಕರ ಕೈಯಲ್ಲಿರುವ ಅತಿ ಬೆಲೆಯುಳ್ಳ ಕೆಲಸಗಳಲ್ಲಿ ಇದೂ ಒಂದು.

ಈ ಊರಿನ ಹೆಸರು ಹೇಳಿದರೆ ಹೊರಗಿನವರು ಬೀದರ ಜಿಲ್ಲೆಯ ಔರಾದ ಎಂದುಕೊಳ್ಳುತ್ತಾರೆ. ಅದು ಬೇರೆ, ಇದು ಬೇರೆ. ಆದರೆ 1956ರ ರಾಜ್ಯ ಪುನರ್ವಿಂಗಡಣೆಯ ತನಕ ನಿಲಂಗಾ, ಉದಗೀರ, ಅಹ್ಮದಪುರ ತಾಲೂಕುಗಳೂ ಬೀದರ ಜಿಲ್ಲೆಯಲ್ಲೇ ಇದ್ದವು. ಆಮೇಲೆ ಉಸ್ಮಾನಾಬಾದಿಗೆ ಸೇರಿದವು, 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅದರೊಳಗೆ ಬಂದವು. ನಕ್ಷೆಯ ಗೆರೆ ಸರಿಯಿತು. ಹೆಣ್ಣು ಕೊಡುವ, ಹೆಣ್ಣು ತರುವ ಊರುಗಳು ಬದಲಾಗಲಿಲ್ಲ. ಹೀಗಾಗಿ ಇಲ್ಲಿ ಎಷ್ಟೋ ಮಕ್ಕಳು ಅಜ್ಜಿಯೊಡನೆ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರದಲ್ಲಿ ದಖನಿ ಆಡುತ್ತ ಬೆಳೆಯುತ್ತಾರೆ. ಪುಣೆಯ ಬಾಲಭಾರತಿ ಪ್ರಕಟಿಸುವ ಪಠ್ಯಪುಸ್ತಕಗಳಲ್ಲಿ ಕನ್ನಡದವೂ ಇವೆ. ಅವನ್ನು ಓದುವ ಮಕ್ಕಳೂ, ಮರಾಠಿ ಪುಸ್ತಕ ಓದಿ ಮನೆಯಲ್ಲಿ ಕನ್ನಡ ಕೇಳುವ ಮಕ್ಕಳೂ ನನ್ನ ಮನಸ್ಸಿನಲ್ಲಿದ್ದಾರೆ.

ಮೊದಲು ಹಂದರದ ಬಗ್ಗೆ ಹೇಳುತ್ತೇನೆ, ಆಮೇಲೆ ಪಾತ್ರದ ಬಗ್ಗೆ. ಅಲ್ಲಿಂದ ಪಾತ್ರದ ಮಾತಿನ ಕಡೆಗೆ ಹೊರಳಿ, ಕೊನೆಗೆ ಪರೀಕ್ಷೆಯ ಕಥಾಲೇಖನಕ್ಕೆ ಬರುತ್ತೇನೆ. ನನ್ನ ಮುಖ್ಯ ಮಾತನ್ನು ಈಗಲೇ ಮುಂದಿಡುತ್ತೇನೆ. ಹಂದರವನ್ನೂ ಪಾತ್ರವನ್ನೂ ಎರಡು ಪಾಠ ಮಾಡಿ, ಎರಡು ವ್ಯಾಖ್ಯೆ ಬರೆಸಿ ಕಲಿಸುವುದರಿಂದಲೇ ನಮ್ಮ ತರಗತಿಗಳಲ್ಲಿ ಕಥೆ ಸೊರಗಿದೆ. ಒಬ್ಬರಿಗೆ ಏನೋ ಬೇಕು. ಅದಕ್ಕೆ ಏನೋ ಅಡ್ಡ ಬರುತ್ತದೆ. ಆಗ ಅವರು ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುತ್ತಾರೆ. ಆ ಆಯ್ಕೆಯಿಂದ ಮುಂದಿನದು ಹುಟ್ಟಿದರೆ ಅದು ಹಂದರ. ಆ ಆಯ್ಕೆಯಿಂದ ಮನುಷ್ಯ ನಮಗೆ ಗುರುತಾದರೆ ಅದು ಪಾತ್ರ. ಎರಡಕ್ಕೂ ಬೇರು ಒಂದೇ ಕಡೆ ಇದೆ.

ಹಂದರದ ವಿಷಯಕ್ಕೆ ಬರೋಣ. 1927ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಕಾದಂಬರಿಯನ್ನು ಕುರಿತು ಸರಣಿ ಉಪನ್ಯಾಸ ಕೊಟ್ಟರು. ಅದೂ ಇಂಥದೇ ಒಂದು ದತ್ತಿಯ ಉಪನ್ಯಾಸ. ರಾಜ ಸತ್ತ, ಆಮೇಲೆ ರಾಣಿ ಸತ್ತಳು ಎಂದರೆ ಅಲ್ಲಿರುವುದು ಬರೀ ಘಟನೆಗಳ ಸಾಲು. ರಾಜ ಸತ್ತ ದುಃಖ ತಾಳದೆ ರಾಣಿ ಸತ್ತಳು ಎಂದರೆ ಅದಕ್ಕೆ ಹಂದರ ಬರುತ್ತದೆ ಎಂಬುದು ಅವರು ಕೊಟ್ಟ ಪ್ರಸಿದ್ಧ ಉದಾಹರಣೆಯ ತಿರುಳು. ಈ ನಿದರ್ಶನ ಎಲ್ಲ ಕೈಪಿಡಿಗಳಲ್ಲೂ ಇದೆ. ಆದರೆ ನಮ್ಮ ಮಕ್ಕಳಿಗೆ ರಾಜ ರಾಣಿಯರು ದೂರ. ಅವರು ಕಥೆ ಹೇಳುವುದನ್ನು ಕೇಳಿ ನೋಡಿ: ಕನ್ನಡದಲ್ಲಿ ಹೇಳಿದರೆ ವಾಕ್ಯಕ್ಕೊಂದು ‘ಆಮ್ಯಾಲ’, ಮರಾಠಿಯಲ್ಲಾದರೆ ‘ಮಗ’. ಅದು ತಪ್ಪಲ್ಲ, ಬಾಯಿಮಾತಿನ ಕಥೆ ಹಾಗೆಯೇ ಸಾಗುತ್ತದೆ. ಮಗು ಹೇಳಿದ್ದನ್ನು ಕರಿಹಲಗೆಯ ಮೇಲೆ ಬರೆಯಿರಿ. ಎರಡು ವಾಕ್ಯಗಳ ನಡುವಿನ ‘ಆಮ್ಯಾಲ’ವನ್ನು ಅಳಿಸಿ, ಅಲ್ಲಿ ‘ಅದಕ್ಕ’ ಎಂದು ಹಾಕಲು ಬರುತ್ತದೆಯೇ ಎಂದು ತರಗತಿಯನ್ನೇ ಕೇಳಿ. ಬರುವ ಕಡೆ ಕಥೆ ಗಟ್ಟಿಯಾಗಿದೆ. ಬಾರದ ಕಡೆ ಏನೋ ಬಿಟ್ಟುಹೋಗಿದೆ. ಏನು ಬಿಟ್ಟುಹೋಗಿದೆ ಎಂದು ಮಕ್ಕಳೇ ಹೇಳುತ್ತಾರೆ. ನಾನು ಬಲ್ಲ ಅಭ್ಯಾಸಗಳಲ್ಲಿ ಇಷ್ಟು ಬೇಗ ಫಲ ಕೊಡುವುದು ಬೇರೊಂದಿಲ್ಲ.

ಘಟನೆ ದೊಡ್ಡದಾದರೆ ಕಥೆಯೂ ದೊಡ್ಡದಾಗುತ್ತದೆ ಎಂಬ ನಂಬಿಕೆ ಮಕ್ಕಳಲ್ಲಿ ಬಲವಾಗಿದೆ. ಈ ಸೀಮೆಯಲ್ಲಿ ಆ ನಂಬಿಕೆಯನ್ನು ಬಹಳ ಎಚ್ಚರದಿಂದ ಬಿಡಿಸಬೇಕಾಗುತ್ತದೆ. ಏಕೆಂದರೆ ಇಲ್ಲಿಯ ದೊಡ್ಡ ಘಟನೆ ನಮ್ಮೆಲ್ಲರಿಗೂ ಗೊತ್ತಿರುವಂಥದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಕಿಲ್ಲಾರಿ, ಸಾಸ್ತೂರ ಸುತ್ತಿನ ನೆಲ ನಡುಗಿತು. ಕಲ್ಲುಮಣ್ಣಿನ ದಪ್ಪ ಗೋಡೆಗಳು, ಮಣ್ಣು ಹೇರಿದ ಮಾಳಿಗೆಗಳು ಮಲಗಿದವರ ಮೇಲೆಯೇ ಕುಸಿದವು. ಒಂಬತ್ತು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಔಸಾ, ಉಮರಗಾ ತಾಲೂಕುಗಳಲ್ಲಿ ಊರಿಗೆ ಊರನ್ನೇ ಬೇರೆ ಜಾಗದಲ್ಲಿ ಕಟ್ಟಬೇಕಾಯಿತು. ಆ ದಿನ ಹುಟ್ಟಿಯೇ ಇರದ ಮಕ್ಕಳು ಕೂಡ ಅದನ್ನು ಮನೆಯಲ್ಲಿ ಕೇಳಿ ಕೇಳಿ ಬಲ್ಲರು. ಕಥೆ ಬರೆಯಿರಿ ಎಂದರೆ ಅದನ್ನೇ ಬರೆಯುತ್ತಾರೆ: ಭೂಕಂಪವಾಯಿತು, ಮನೆ ಬಿತ್ತು, ಅಜ್ಜ ಹೋದರು, ಸರ್ಕಾರ ಮನೆ ಕೊಟ್ಟಿತು. ಪ್ರತಿ ವಾಕ್ಯವೂ ಸತ್ಯ, ಪ್ರತಿ ವಾಕ್ಯದಲ್ಲೂ ನೋವಿದೆ. ಆದರೂ ಅದು ಇನ್ನೂ ಕಥೆಯಾಗಿಲ್ಲ. ನೆಲ ನಡುಗಿದ್ದಕ್ಕೆ ಯಾರ ಮನಸ್ಸೂ ಕಾರಣವಲ್ಲ. ಕಥೆ ಶುರುವಾಗುವುದು ಅದರ ಮರುದಿನ, ಬದುಕಿ ಉಳಿದವರು ಏನು ಮಾಡಿದರು ಎಂಬಲ್ಲಿ.

ಒಬ್ಬ ವಿದ್ಯಾರ್ಥಿನಿಯ ಬರಹವನ್ನು ನಾನು ಮರೆತಿಲ್ಲ. ಹಳೆಯ ಊರಿನಲ್ಲಿ ಅವಳ ಅಜ್ಜಿಗೂ ನೆರೆಮನೆಯ ಮುದುಕಿಗೂ ಒಂದೇ ಗೋಡೆ. ಹೊಸ ಊರಿನಲ್ಲಿ ಮನೆಗಳು ದೂರ ದೂರ, ರಸ್ತೆಗಳು ಅಗಲ. ನೆರೆಯಾಕೆಗೆ ಸಿಕ್ಕ ಮನೆ ಊರಿನ ಆ ತುದಿಯಲ್ಲಿ. ಅಜ್ಜಿ ದಿನಾಲೂ ಸಂಜೆ ರೊಟ್ಟಿ ಕಟ್ಟಿಕೊಂಡು ಅಲ್ಲಿಗೆ ನಡೆಯುತ್ತಾಳೆ. ಮೊಣಕಾಲು ಬಿದ್ದ ಮೇಲೆ ಮಗ ಹೋಗಬೇಡ ಎನ್ನುತ್ತಾನೆ. ಅಜ್ಜಿ ಯಾರಿಗೂ ಹೇಳದೆ ಕಚೇರಿಗೆ ಹೋಗಿ, ನನ್ನ ಮನೆ ತಗೊಂಡು ಆಕೆಯ ಪಕ್ಕದ ಮನೆ ಕೊಡಿರಿ ಎಂದು ಕೇಳುತ್ತಾಳೆ. ಆ ಬರಹದಲ್ಲಿ ಭೂಕಂಪಕ್ಕೆ ಸಿಕ್ಕಿದ್ದು ಒಂದೇ ವಾಕ್ಯ. ಆದರೆ ಅದನ್ನು ಓದಿದವರಿಗೆ ಕಿಲ್ಲಾರಿಯಲ್ಲಿ ಏನು ಒಡೆಯಿತು ಎಂಬುದು ಅರ್ಥವಾಗುತ್ತಿತ್ತು. ಅಜ್ಜಿಗೆ ಬೇಕಾದದ್ದು ಒಂದು, ಅಡ್ಡ ಬಂದದ್ದು ಒಂದು, ಆಕೆ ಮಾಡಿದ್ದು ಒಂದು. ಆ ಹುಡುಗಿ ಹಂದರದ ವ್ಯಾಖ್ಯೆಯನ್ನು ಎಂದೂ ಬಾಯಿಪಾಠ ಮಾಡಿದವಳಲ್ಲ.

ಚರಿತ್ರೆಯಿಂದಲೂ ಒಂದು ನಿದರ್ಶನ ಕೊಡುತ್ತೇನೆ. ಉದಗೀರದಿಂದ ಭಾಲ್ಕಿಗೆ ಹೋಗುವ ದಾರಿಯಲ್ಲಿ ಕಮಲನಗರವಿದೆ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು 1890ರಲ್ಲಿ ಹುಟ್ಟಿದ ಊರು ಅದು. ನಿಜಾಮರ ಕಾಲದಲ್ಲಿ ಶಾಲೆಯ ಭಾಷೆ ಉರ್ದು. ಅವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು ಎಂಬುದನ್ನು ನೀವೆಲ್ಲ ಭಕ್ತಿಯಿಂದ ಹೇಳುತ್ತೀರಿ. ಅದನ್ನೇ ತರಗತಿಯಲ್ಲಿ ಹಂದರದ ಪಾಠವಾಗಿ ಎತ್ತಿಕೊಳ್ಳಿ. ಅವರಿಗೆ ಬೇಕಾದದ್ದೇನು? ಅಡ್ಡ ಇದ್ದದ್ದೇನು? ಅವರ ಮುಂದೆ ಬೇರೆ ಯಾವ ದಾರಿಗಳಿದ್ದವು? ಕಲಿಸುವುದನ್ನೇ ಬಿಡಬಹುದಿತ್ತು, ಎದುರುನಿಂತು ಶಾಲೆ ಮುಚ್ಚಿಸಿಕೊಳ್ಳಬಹುದಿತ್ತು, ಊರು ಬಿಟ್ಟು ಮೈಸೂರು ಸೀಮೆಗೆ ಹೋಗಬಹುದಿತ್ತು. ಈ ದಾರಿಗಳನ್ನು ಮಕ್ಕಳು ಒಂದೊಂದಾಗಿ ಹೇಳಿದ ಮೇಲೆ ಆ ಫಲಕದ ತೂಕ ಅವರಿಗೆ ತಿಳಿಯುತ್ತದೆ. ಬಿಟ್ಟ ದಾರಿಗಳನ್ನು ತೋರಿಸದೆ ಹಿಡಿದ ದಾರಿಯ ಬೆಲೆ ತೋರಿಸಲಾಗದು. ಜೀವನಚರಿತ್ರೆಯ ಪಾಠಗಳಲ್ಲಿ ನಾವು ಈ ಕೆಲಸ ಮಾಡದೆ, ಹುಟ್ಟಿದ ವರ್ಷ, ಮಾಡಿದ ಸೇವೆ ಎಂದು ಮುಗಿಸಿಬಿಡುತ್ತೇವೆ.

ಗೋವಿನ ಹಾಡು ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಸತ್ಯವೇ ದೊಡ್ಡದು ಎಂಬ ನೀತಿ ಬರೆಸಿ ಪಾಠ ಮುಗಿಸುವುದು ರೂಢಿ. ನೀತಿಯನ್ನು ಬದಿಗಿಟ್ಟು ಇದು ಯಾರ ಕಥೆ ಎಂದು ಕೇಳಿ. ಪುಣ್ಯಕೋಟಿಯದು ಎಂದು ಎಲ್ಲರೂ ಕೂಗುತ್ತಾರೆ. ಆದರೆ ಪುಣ್ಯಕೋಟಿ ಕಥೆಯ ಮೊದಲಿಂದ ಕೊನೆಯವರೆಗೂ ಹಾಗೆಯೇ ಇದ್ದಾಳೆ. ಅವಳು ಮಾತು ಕೊಟ್ಟಳು, ಉಳಿಸಿಕೊಂಡಳು. ಬದಲಾದವನು ಅರ್ಬುತ, ಆ ಹುಲಿ. ಹಸಿದು ಬಂದವನು ಹಸಿವನ್ನೇ ಬಿಟ್ಟು ಪ್ರಾಣ ಕೊಡುತ್ತಾನೆ. ಹಾಗಾದರೆ ಕಥೆ ಹುಲಿಯದೇ? ಈ ಪ್ರಶ್ನೆ ಕೇಳಿದ ದಿನ ತರಗತಿ ಎರಡು ಪಂಗಡವಾಗುತ್ತದೆ, ಆಗಲಿ. ಪುಣ್ಯಕೋಟಿ ದೊಡ್ಡಿಗೆ ಬಂದು, ಕರುವಿಗೆ ಹಾಲೂಡಿಸಿ, ಅದನ್ನು ಉಳಿದ ಹಸುಗಳಿಗೆ ಒಪ್ಪಿಸುವ ಆ ಹೊತ್ತಿನಲ್ಲಿ ಅವಳು ಹಿಂತಿರುಗದೆ ಇರಬಹುದಿತ್ತು. ಯಾರೂ ಕಟ್ಟಿಹಾಕಿರಲಿಲ್ಲ. ಆ ಬಾಗಿಲು ತೆರೆದಿದ್ದರಿಂದಲೇ ಕಥೆಗೆ ಉಸಿರು ಬಂದಿದೆ. ಮಕ್ಕಳು ಅಲ್ಲಿ ಒಂದು ಕ್ಷಣ ತಡೆದು ನಿಲ್ಲುವಂತೆ ಓದಿಸಿ.

ಭರತನ ನಾಟ್ಯಶಾಸ್ತ್ರ ಹೇಳುವ ಪ್ರಾರಂಭ, ಯತ್ನ, ಪ್ರಾಪ್ತ್ಯಾಶಾ, ನಿಯತಾಪ್ತಿ, ಫಲಾಗಮ ಎಂಬ ಐದು ಅವಸ್ಥೆಗಳನ್ನು ಅಧ್ಯಾಪಕರು ತಿಳಿದಿರಬೇಕು. ಅಲ್ಲಿಯೂ ಎಲ್ಲ ಶುರುವಾಗುವುದು ನಾಯಕನಿಗೆ ಒಂದು ಫಲ ಬೇಕೆನಿಸುವುದರಿಂದಲೇ. ಮಕ್ಕಳಿಗೆ ಹೆಸರುಗಳನ್ನು ಬರೆಸುವ ಅವಸರ ಬೇಡ.

ಇನ್ನು ಪಾತ್ರದ ಕಡೆಗೆ ತಿರುಗುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವ ಆಸೆ ನನಗೆ.

ಮಕ್ಕಳ ನೋಟುಬುಕ್ಕಿನಲ್ಲಿ ಪಾತ್ರ ಪರಿಚಯ ಎಂದರೆ ಗುಣಗಳ ಪಟ್ಟಿ: ದಯಾಳು, ಪ್ರಾಮಾಣಿಕ, ಕಷ್ಟಜೀವಿ. ಈ ಪದಗಳನ್ನು ಯಾರ ಮೇಲೆ ಹೊರಿಸಿದರೂ ಒಪ್ಪುತ್ತವೆ. ಆದ್ದರಿಂದ ಯಾರನ್ನೂ ತೋರಿಸುವುದಿಲ್ಲ. ಒಬ್ಬ ಮನುಷ್ಯನನ್ನು ಗುಣವಾಚಕ ಬಳಸದೆ ತೋರಿಸುವುದು ಹೇಗೆ ಎಂಬುದಕ್ಕೆ ಕನ್ನಡದಲ್ಲಿ ಸಾವಿರ ವರ್ಷದ ಹಿಂದೆಯೇ ಒಂದು ಮೇಲ್ಪಂಕ್ತಿ ಇದೆ. ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ಬಂದಿರುವ ವಡ್ಡಾರಾಧನೆ ಹತ್ತನೆಯ ಶತಮಾನದ ಸುಮಾರಿನದು. ನಮಗೆ ಉಳಿದುಬಂದಿರುವ ಕನ್ನಡದ ಅತಿ ಹಳೆಯ ಗದ್ಯಕೃತಿ. ಅದರ 19 ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯದು. ಆತ ಬಹಳ ಸುಕುಮಾರ ಎಂಬುದನ್ನು ಕಥೆ ಹೇಗೆ ಹೇಳುತ್ತದೆ ನೋಡಿ. ಅರಸ ಆತನ ಮನೆಗೆ ಬರುತ್ತಾನೆ. ತಾಯಿ ಆರತಿ ಎತ್ತಿ ಬಿಳಿಸಾಸಿವೆಯ ಸೇಸೆ ಇಡುತ್ತಾಳೆ. ಸುಕುಮಾರನಿಗೆ ಕೂತಲ್ಲಿ ಕೂರಲಾಗದು: ಸಾಸಿವೆ ಕಾಳು ಒತ್ತುತ್ತದೆ. ದೀಪದ ಬೆಳಕಿಗೆ ಕಣ್ಣಲ್ಲಿ ನೀರು: ಆತ ರತ್ನದ ಬೆಳಕಿನಲ್ಲಿ ಬೆಳೆದವನು. ಊಟಕ್ಕೆ ಕೂತರೆ ಅನ್ನದಲ್ಲಿ ಕೆಲವು ಅಗುಳನ್ನಷ್ಟೇ ಆರಿಸಿ ತಿನ್ನುತ್ತಾನೆ: ತಾವರೆಯೊಳಗಿಟ್ಟು ಕಂಪು ಹಿಡಿಸಿದ ಅಕ್ಕಿಯನ್ನೇ ಉಂಡು ರೂಢಿ. ಅರಸನಿಗೆ ಇದೆಲ್ಲ ಏನೋ ರೋಗದಂತೆ ಕಾಣುತ್ತದೆ. ತಾಯಿ ಕಾರಣ ಹೇಳಿದ ಮೇಲೆ ಬೆರಗಾಗುತ್ತಾನೆ.

ಕಾಳು, ದೀಪ, ಅಗುಳು: ಮೂರೇ ಗುರುತು. ಇದು ಬರೀ ಬಣ್ಣನೆಯೇ ಎಂದು ಮಕ್ಕಳನ್ನು ಕೇಳಬೇಕು. ಅಲ್ಲ ಎಂಬುದು ಕಥೆಯ ಕೊನೆಯಲ್ಲಿ ತಿಳಿಯುತ್ತದೆ. ಮುನಿಯ ಮುಖ ಕಂಡರೆ ಮಗ ಸಂನ್ಯಾಸಿಯಾಗುತ್ತಾನೆ ಎಂಬ ಭಯದಿಂದ ತಾಯಿ ಋಷಿಗಳನ್ನು ಮನೆಗೆ ಬಿಡುವುದಿಲ್ಲ. ಕಣ್ಣಿಗೆ ಬೇಲಿ ಹಾಕಿದ ಅವಳಿಗೆ ಕಿವಿಗೆ ಬೇಲಿ ಹಾಕಲು ಆಗಲಿಲ್ಲ. ಮುನಿಯ ಪಾಠದ ದನಿ ಮಗನಿಗೆ ಕೇಳಿಸಿಯೇಬಿಡುತ್ತದೆ. ಸಾಸಿವೆ ಕಾಳನ್ನು ತಾಳದವನು ಬರಿಗಾಲಲ್ಲಿ ಕಾಡಿಗೆ ನಡೆಯುತ್ತಾನೆ. ಅಂಗಾಲಿನಿಂದ ಸೋರಿದ ರಕ್ತದ ಜಾಡು ಹಿಡಿದು ನರಿಯೊಂದು ಮರಿಗಳೊಡನೆ ಬಂದು ಆತನನ್ನು ಕಾಲಿನಿಂದಲೇ ತಿನ್ನತೊಡಗುತ್ತದೆ. ಆತ ಅಲುಗುವುದಿಲ್ಲ. ಮೊದಲಿನ ಆ ಮೂರು ಸಣ್ಣ ಸಂಗತಿಗಳಿಲ್ಲದೆ ಈ ನಿಶ್ಚಲತೆ ನಮಗೆ ನಾಟುತ್ತಿರಲಿಲ್ಲ. ಆ ನರಿಗೂ ಕಾರಣವಿದೆ: ಹಿಂದಿನ ಜನ್ಮವೊಂದರಲ್ಲಿ ಆತ ಅತ್ತಿಗೆಯನ್ನು ಕಾಲಿಂದ ಒದ್ದಿದ್ದ, ಈ ಕಾಲನ್ನೇ ತಿಂದೇನು ಎಂದು ಆಕೆ ಸಂಕಲ್ಪ ಮಾಡಿದ್ದಳು. ತಾಯಿಯ ಆಸೆ, ಮಗನ ಆಯ್ಕೆ, ಅತ್ತಿಗೆಯ ಹಗೆ, ಮೂರೂ ಒಂದೇ ಕಾಲಿನ ಬಳಿ ಬಂದು ಸೇರುತ್ತವೆ. ಜನ್ಮಾಂತರವನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಕಥೆ ಕಟ್ಟುವ ವಿದ್ಯೆಯನ್ನು ಈ ಪುಟಗಳಿಂದ ಕಲಿಯದೆ ಪರದೇಶದ ಕೈಪಿಡಿಗಳಿಗೆ ನಾವು ಮೊದಲು ಕೈಚಾಚಬೇಕಿಲ್ಲ. ಹಳಗನ್ನಡವೆಂದು ಹೆದರಬೇಡಿ, ಕಥೆಯನ್ನು ಹೊಸಗನ್ನಡದಲ್ಲಿ, ಬೇಕಾದರೆ ಮರಾಠಿಯಲ್ಲಿ, ಬಾಯಲ್ಲಿ ಹೇಳಿ.

ಹೊಸಗನ್ನಡಕ್ಕೆ ಬಂದರೆ ಮಾಸ್ತಿಯವರ ‘ಮೊಸರಿನ ಮಂಗಮ್ಮ’ ತರಗತಿಗೆ ಹೇಳಿಮಾಡಿಸಿದ ಕಥೆ. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ತರುವ ಮಂಗಮ್ಮ ಮೊಮ್ಮಗನನ್ನು ಸೊಸೆ ಹೊಡೆದಳೆಂದು ಜಗಳ ತೆಗೆದು ಬೇರೆ ಒಲೆ ಹೂಡುತ್ತಾಳೆ. ಮೇಲುನೋಟಕ್ಕೆ ಅವಳಿಗೆ ಬೇಕಾದದ್ದು ಮೊಮ್ಮಗ. ಒಳಗೆ ಬೇಕಾದದ್ದು ಮನೆಯಲ್ಲಿ ತನ್ನ ಮಾತು ನಡೆಯಬೇಕೆಂಬುದು. ಒಂಟಿಯಾದವಳು ತನಗಾಗಿ ಒಂದು ಮಖಮಲ್ಲಿನ ಜಾಕೀಟು ಹೊಲಿಸಿಕೊಳ್ಳುತ್ತಾಳೆ. ಆ ಜಾಕೀಟಿನ ಬಗ್ಗೆ ಒಂದು ಇಡೀ ತಾಸು ಮಾತಾಡಿದರೂ ನಷ್ಟವಿಲ್ಲ. ಮುದುಕಿ ಅದನ್ನು ಏಕೆ ಹೊಲಿಸಿಕೊಂಡಳು? ಊರವರು ಏನೆಂದರು? ಸೊಸೆಗೆ ಏನನಿಸಿತು? ಸೊಸೆ ನಂಜಮ್ಮನೂ ಕೆಟ್ಟವಳಲ್ಲ. ಅವಳಿಗೂ ಬೇಕಾದದ್ದೊಂದಿದೆ, ಅವಳ ಕಡೆಯಿಂದ ನೋಡಿದರೆ ಅವಳದೂ ಸರಿ. ಕಥೆಯನ್ನು ಸೊಸೆಯ ಬಾಯಲ್ಲಿ ಹೇಳಿಸಿ ನೋಡಿ. ಎದುರಾಳಿಗೂ ಆಸೆಯಿದೆ, ನ್ಯಾಯವಿದೆ ಎಂದು ಮಗುವಿಗೆ ತಿಳಿಯುವ ದಿನವೇ ಅದಕ್ಕೆ ಪಾತ್ರದ ಪಾಠ ಹತ್ತಿತೆಂದು ತಿಳಿಯಿರಿ.

ಮರಾಠಿ ಓದುವ ಮಕ್ಕಳ ಕೈಗೆ ಇನ್ನೊಂದು ಸಂಪತ್ತು ತಾನಾಗಿಯೇ ಬಂದಿದೆ. ವ್ಯಂಕಟೇಶ ಮಾಡಗೂಳಕರರ ‘ಬನಗರವಾಡಿ’ 1955ರದು. ಕುರುಬರ ಒಂದು ವಾಡಿಗೆ ಎಳೆಯ ವಯಸ್ಸಿನ ಮಾಸ್ತರ ಬರುತ್ತಾನೆ. ಶಾಲೆಗೆ ಮಕ್ಕಳೇ ಇಲ್ಲ. ಅಲ್ಲಿಂದ ಅವನಿಗೂ ಊರಿಗೂ ನಂಟು ಬೆಳೆಯುತ್ತ ಹೋಗಿ, ಬರಗಾಲದಲ್ಲಿ ಊರೇ ಬರಿದಾಗುತ್ತದೆ. ಒಬ್ಬೊಬ್ಬ ಮನುಷ್ಯನನ್ನೂ ಅವನ ನಡೆಯಿಂದಲೇ ಕಾಣಿಸಿದ ಪುಸ್ತಕ ಅದು. ಶಿಕ್ಷಕರಂತೂ ಓದಲೇಬೇಕಾದದ್ದು. ಮರಾಠವಾಡಾದವರೇ ಆದ ಭಾಸ್ಕರ ಚಂದನಶಿವರ ‘ಲಾಲ ಚಿಖಲ’ದಲ್ಲಿ ಟೊಮ್ಯಾಟೊಗೆ ದರ ಸಿಗದ ರೈತ ಬಜಾರದಲ್ಲೇ ತನ್ನ ಮಾಲನ್ನು ತುಳಿದುಹಾಕುತ್ತಾನೆ. ಒಂದೇ ಕೃತ್ಯ, ಇಡೀ ಮನುಷ್ಯ ಎದುರಿಗೆ ನಿಲ್ಲುತ್ತಾನೆ. 2022ರಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದು ಇಲ್ಲೇ ಉದಗೀರದಲ್ಲಿ, ಕಥೆಗಾರ ಭಾರತ ಸಾಸಣೆಯವರ ಅಧ್ಯಕ್ಷತೆಯಲ್ಲಿ. ಎರಡು ಭಾಷೆಯ ಕಥೆಗಳು ಇಷ್ಟು ಹತ್ತಿರವಿರುವ ತರಗತಿ ಬೆಂಗಳೂರಿನಲ್ಲೂ ಪುಣೆಯಲ್ಲೂ ಸಿಗುವುದು ಕಷ್ಟ. ಇದನ್ನು ಕೊರತೆಯೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಈ ಮಾತೇ ನಮ್ಮನ್ನು ಮೂರನೆಯ ವಿಷಯಕ್ಕೆ, ಪಾತ್ರಗಳ ಮಾತಿಗೆ ಕರೆದೊಯ್ಯುತ್ತದೆ. ನಮ್ಮ ಮಕ್ಕಳ ಕಥೆಗಳಲ್ಲಿ ಅಜ್ಜಿ, ಸಾವುಕಾರ, ಡ್ರೈವರ್, ಪುಟ್ಟ ತಮ್ಮ, ಎಲ್ಲರೂ ಪಠ್ಯಪುಸ್ತಕದ ಕನ್ನಡವನ್ನೇ ಆಡುತ್ತಾರೆ. ‘ಮಗುವೇ, ನೀನು ಎಲ್ಲಿಗೆ ಹೋಗುತ್ತಿರುವೆ?’ ಎಂದು ಈ ಸೀಮೆಯ ಯಾವ ಅವ್ವನೂ ಕೇಳಳು. ‘ಎಲ್ಲಿ ಹೋಗ್ಲತ್ತಿ ತಮ್ಮಾ, ಲಗೂ ಬಾ’ ಎನ್ನುತ್ತಾಳೆ. ಆ ಮಾತನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದರೆ ಆ ಅವ್ವನನ್ನೇ ಕಥೆಯಿಂದ ಹೊರಗೆ ಕಳಿಸಿದ ಹಾಗೆ. ನಿರೂಪಣೆ ಶಿಷ್ಟ ಕನ್ನಡದಲ್ಲಿರಲಿ, ಅದನ್ನು ಕಲಿಸುವ ಹೊಣೆ ನಮ್ಮದೇ. ಆದರೆ ಉದ್ಧರಣ ಚಿಹ್ನೆಯ ಒಳಗೆ ಮನೆಯ ಮಾತಿಗೆ ಜಾಗ ಇರಲಿ. ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ನಮ್ಮ ನೆರೆಯ ಕಲಬುರಗಿಯ ಆಡುಮಾತಿನಲ್ಲಿ ಉಸಿರಾಡುವ ಕೃತಿ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ಕಳೆದುಹೋದ ಕೋಳಿಗಾಗಿ ಪರದಾಡುವುದನ್ನು ಶಿಷ್ಟ ಭಾಷೆಗೆ ತಿರುಗಿಸಿದರೆ ಸಾಕವ್ವ ಉಳಿಯುವುದಿಲ್ಲ.

ಇದಕ್ಕೆ ಒಂದು ಅಭ್ಯಾಸ ಹೇಳುತ್ತೇನೆ. ಒಬ್ಬ ಹುಡುಗನಿಗೆ ಫೀಸಿಗೆ ದುಡ್ಡು ಬೇಕು. ಅವನು ಮೂವರನ್ನು ಕೇಳುತ್ತಾನೆ: ಕಿರಾಣಿ ಅಂಗಡಿಯವರನ್ನು, ಅತ್ತೆಯನ್ನು, ಗೆಳೆಯನನ್ನು. ಮೂವರೂ ಇಲ್ಲ ಎನ್ನಬೇಕು. ಆದರೆ ಯಾರೂ ‘ಇಲ್ಲ’ ಎಂಬ ಮಾತನ್ನು ಬಳಸಬಾರದು. ಅಂಗಡಿಯವರು ಮರಾಠಿಯಲ್ಲಿ ಹಳೆಯ ಉಧಾರಿಯ ನೆನಪು ಮಾಡುತ್ತಾರೆ, ಅತ್ತೆ ಮೊದಲು ಉಣ್ಣಲು ಕೂರಿಸುತ್ತಾಳೆ, ಗೆಳೆಯ ದಖನಿಯಲ್ಲಿ ಏನೋ ಬೇರೆ ಮಾತು ತೆಗೆಯುತ್ತಾನೆ. ಇಲ್ಲಿಯ ಮಕ್ಕಳು ಇದನ್ನು ಎಷ್ಟು ಚೆನ್ನಾಗಿ ಬರೆಯುತ್ತಾರೆಂದರೆ ಓದುವಾಗ ಮೂರೂ ಜನರ ಮುಖ ಕಾಣುತ್ತದೆ. ಮೂರು ಭಾಷೆಗಳ ಕಿವಿ ಅವರಿಗಿದೆ. ಅದನ್ನು ಬರಹಕ್ಕೆ ಇಳಿಸಲು ಅಪ್ಪಣೆ ಬೇಕು, ಅಷ್ಟೇ.

ಕೊನೆಯ ವಿಷಯ ಪರೀಕ್ಷೆ. ಮಹಾರಾಷ್ಟ್ರದ ಹತ್ತನೆಯ ತರಗತಿಯ ಭಾಷಾ ಪತ್ರಿಕೆಯಲ್ಲಿ ಕಥಾಲೇಖನಕ್ಕೆ ಜಾಗ ಇರುವುದು ನನಗೆ ಸಂತೋಷದ ವಿಷಯ. ಕೆಲವು ಅಂಶಗಳನ್ನು ಕೊಟ್ಟು, ಇಲ್ಲವೇ ಅರ್ಧ ಕಥೆ ಕೊಟ್ಟು ಪೂರ್ತಿ ಮಾಡಲು ಹೇಳುತ್ತಾರೆ. ತಲೆಬರಹ ಕೊಡಬೇಕು, ನೀತಿ ಬರೆಯಬೇಕು. ಅಂಶಗಳು ಹೀಗಿರುತ್ತವೆ: 'ಮುದಿ ರೈತ — ಜಗಳಾಡುವ ಗಂಡುಮಕ್ಕಳು — ಕಟ್ಟಿಗೆಯ ಹೊರೆ — ಮುರಿಯಲಾಗದು — ಒಗ್ಗಟ್ಟು'. ಮಕ್ಕಳು ಗೆರೆಗಳನ್ನು ತೆಗೆದು ಕ್ರಿಯಾಪದ ಸೇರಿಸುತ್ತಾರೆ. ಕಥೆ ಮುಗಿಯಿತು ಎಂದುಕೊಳ್ಳುತ್ತಾರೆ. ಆ ಗೆರೆಗಳಿರುವ ಜಾಗದಲ್ಲೇ ಕಥೆ ಇರುವುದು ಎಂದು ನಾವು ಅವರಿಗೆ ತೋರಿಸಿಕೊಟ್ಟಿಲ್ಲ.

ಗಂಡುಮಕ್ಕಳು ಏತಕ್ಕೆ ಜಗಳಾಡಿದರು? ಈ ಒಂದು ಪ್ರಶ್ನೆ ಕೇಳಿ ಬಿಟ್ಟುಬಿಡಿ. ಲಾತೂರಿಗೆ 2016ರಲ್ಲಿ ಮಿರಜದಿಂದ ರೈಲಿನಲ್ಲಿ ನೀರು ತಂದದ್ದನ್ನು ಕಂಡ ಜಿಲ್ಲೆ ಇದು. ಹೊಲದ ಬಾವಿ ಒಂದೇ, ಅಣ್ಣತಮ್ಮಂದಿರು ನಾಲ್ವರು, ನೀರಿನ ಪಾಳಿ ಯಾರದು ಎಂಬುದಕ್ಕೆ ಎಷ್ಟು ಮನೆ ಒಡೆದಿವೆಯೆಂದು ಮಕ್ಕಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಹಿರಿಯವ ಕಬ್ಬು ಹಾಕಬೇಕೆನ್ನುತ್ತಾನೆ, ಎರಡನೆಯವ ತೊಗರಿ ಸೋಯಾ ಸಾಕೆನ್ನುತ್ತಾನೆ, ಮೂರನೆಯವನಿಗೆ ತನ್ನ ಪಾಲು ಮಾರಿ ಪುಣೆಗೆ ಹೋಗುವ ಮನಸ್ಸು, ಕಿರಿಯವನನ್ನು ಯಾರೂ ಕೇಳುವುದಿಲ್ಲ. ಈಗ ತಂದೆ ಕಟ್ಟಿಗೆಯ ಹೊರೆ ತರಲಿ. ಒಬ್ಬನಾದರೂ ಅದನ್ನು ಮುಟ್ಟದೆ ಎದ್ದುಹೋಗುತ್ತಾನೆ. ಯಾರು, ಏಕೆ ಎಂದು ಬರೆಯುವಾಗ ಮಗು ಹಂದರವನ್ನೂ ಪಾತ್ರವನ್ನೂ ಒಟ್ಟಿಗೇ ಕಟ್ಟುತ್ತಿರುತ್ತದೆ. ಕೊಟ್ಟ ಐದು ಅಂಶಗಳಲ್ಲಿ ಒಂದೂ ತಪ್ಪಿಲ್ಲ, ಅಂಕಕ್ಕೂ ಕುತ್ತಿಲ್ಲ. ನೀತಿಯನ್ನು ಪರೀಕ್ಷೆಯಲ್ಲಿ ಬರೆಯಲಿ, ನಿಯಮವಿದ್ದರೆ ಬರೆಯಲೇಬೇಕು. ತರಗತಿಯ ನೋಟುಬುಕ್ಕಿನಲ್ಲಿ ಮಾತ್ರ ಆ ಸಾಲು ಬೇಡ ಎಂಬುದು ನನ್ನ ಕೋರಿಕೆ. ನೀತಿ ಮೊದಲೇ ನಿಶ್ಚಯವಾಗಿದ್ದರೆ ಪಾತ್ರಕ್ಕೆ ಆರಿಸಿಕೊಳ್ಳುವ ಹಕ್ಕೇ ಇರುವುದಿಲ್ಲ, ಅದು ನೀತಿಯ ಆಳಾಗಿ ದುಡಿಯುತ್ತದೆ.

ಪಠ್ಯ ಮುಗಿಸುವುದೇ ಕಷ್ಟ, ಇದಕ್ಕೆಲ್ಲ ಸಮಯವೆಲ್ಲಿದೆ ಎಂದು ಕೆಲವರು ಕೇಳುವಿರಿ. ಆ ಕಷ್ಟ ನಿಜ. ಬಹುವರ್ಗ ಬೋಧನೆಯ ಶಾಲೆಗಳಲ್ಲಿ ಅದು ಇನ್ನೂ ಹೆಚ್ಚು. ಆದ್ದರಿಂದ ಹೊಸ ಪಾಠ ಸೇರಿಸಿ ಎಂದು ನಾನು ಹೇಳುತ್ತಿಲ್ಲ. ಇರುವ ಗದ್ಯಪಾಠದಲ್ಲೇ ಒಂದು ಪ್ರಶ್ನೆಯನ್ನು ಬದಲಿಸಿ: ಈ ಪಾತ್ರದ ಗುಣಗಳನ್ನು ಬರೆಯಿರಿ ಎಂಬುದರ ಬದಲು, ಈ ಪಾತ್ರ ಇಲ್ಲಿ ಬೇರೆ ಏನು ಮಾಡಬಹುದಿತ್ತು, ಏಕೆ ಮಾಡಲಿಲ್ಲ ಎಂದು ಕೇಳಿ. ಮಗು ಬರೆದ ಕಥೆ ತಿದ್ದುವಾಗ ಮೊದಲ ಸಲ ಕಾಗುಣಿತಕ್ಕೆ ಕೈಹಾಕಬೇಡಿ. ಮನುಷ್ಯ ಒಂದು ನಿರ್ಧಾರ ಮಾಡುವ ಜಾಗದ ಕೆಳಗೆ ಗೆರೆ ಎಳೆಯಿರಿ. ಅಂಥ ಜಾಗ ಸಿಗದಿದ್ದರೆ ಅಂಚಿನಲ್ಲಿ ಒಂದು ಪ್ರಶ್ನೆ ಬರೆದು ಪುಸ್ತಕ ಹಿಂದಿರುಗಿಸಿ. ಕಾಗುಣಿತದ ಸರದಿ ಎರಡನೆಯ ಬರಹಕ್ಕೆ.

ಇನ್ನೊಂದು ಬೇಡಿಕೆಯಿಟ್ಟು ಮಾತು ಮುಗಿಸುತ್ತೇನೆ. ದೀಪಾವಳಿ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿ ಮನೆಯ ಹಿರಿಯರೊಬ್ಬರಿಂದ ಒಂದು ಕಥೆ ಕೇಳಿ, ಅವರು ಆಡಿದ ಮಾತಿನಲ್ಲೇ ಬರೆದು ತರಲಿ. ಕನ್ನಡದ್ದನ್ನು ಮರಾಠಿ ತರಗತಿಯವರಿಗೂ, ಮರಾಠಿಯದ್ದನ್ನು ಕನ್ನಡ ತರಗತಿಯವರಿಗೂ ಓದಿ ಹೇಳಿ. ಉಮರಗಾ, ನಿಲಂಗಾ, ಉದಗೀರದ ಶಿಕ್ಷಕರು ಗಡಿಯಾಚೆಯ ಭಾಲ್ಕಿ, ಬಸವಕಲ್ಯಾಣ, ಔರಾದದ ಶಿಕ್ಷಕರೊಡನೆ ಈ ಬರಹಗಳನ್ನು ಅದಲುಬದಲು ಮಾಡಿಕೊಳ್ಳಿ. ಒಂದೇ ಕಥೆ ಆ ಕಡೆ ಒಂದು ರೀತಿ, ಈ ಕಡೆ ಇನ್ನೊಂದು ರೀತಿ ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾರ ಆಯ್ಕೆ ಎಲ್ಲಿ ಬದಲಾಯಿತು ಎಂದು ಮಕ್ಕಳಿಂದಲೇ ಹುಡುಕಿಸಿ. ಬರಹಗಳನ್ನು ನನಗೂ ಕಳಿಸಿಕೊಟ್ಟರೆ ಪ್ರತಿಯೊಂದನ್ನೂ ಓದಿ ಉತ್ತರ ಬರೆಯುತ್ತೇನೆ. ಈಗ ಅಧ್ಯಾಪಕ ಮಿತ್ರರ ಪ್ರಶ್ನೆಗಳನ್ನು ಕೇಳಬಯಸುತ್ತೇನೆ.